ಶಿಡ್ಲಘಟ್ಟದಲ್ಲಿ ಬಿಸಿ ಹರಿಯುವ ಲೆಕ್ಕ

ತಾಲ್ಲೂಕು ಕಚೇರಿ ಬೇಡವೆಂದ ಹನ್ನೆರಡು ಕಂಪ್ಯೂಟರು
ಲಗೇಜ್ ಆಟೋದಲ್ಲಿ ಬಂದವು, ಹಗ್ಗ ಬಿಗಿಸಿಕೊಂಡು,
ಮೇಲೊಂದು ಗೋಣಿ ಹೊದ್ದು.
ಎರಡು ಸತ್ತಿದ್ದವು. ಒಂದರ ಹೊಟ್ಟೆಯಲ್ಲಿ
ಹಲ್ಲಿ ಮೊಟ್ಟೆಯಿಟ್ಟು ಹೋಗಿತ್ತು.
ಉಳಿದ ಹತ್ತಕ್ಕೆ ನೀಲಿ ತಂತಿ ಸಿಕ್ಕಿಸಿ
ಬೆಳಕಿನ ಪ್ರಯೋಗ ಮಾಡುವ ಕತ್ತಲೆ ಕೋಣೆಯಲ್ಲಿ
ಸಾಲಾಗಿ ಕೂರಿಸಿದೆ.

ಪ್ರಿನ್ಸಿಪಾಲರು ಬಾಗಿಲಲ್ಲೇ ನಿಂತು ಕೇಳಿದರು:
‘ಇದು ಸಿಲಬಸ್ಸಿನಲ್ಲಿ ಇದೆಯೇನ್ರೀ?’
ಇದಿಲ್ಲ ಸಾರ್. ಬಿಸಿ ಇದೆ.
ಕಬ್ಬಿಣದ ತಗಡಿನ ಒಂದಂಚು ಕಾಯಿಸಿದರೆ
ಇನ್ನೊಂದಂಚಿಗೆ ಅದು ಯಾವಾಗ ಮುಟ್ಟೀತು:
ಮೂರನೇ ಸೆಮಿಸ್ಟರು, ಐದು ಅಂಕ.
ಇಪ್ಪತ್ತು ವರ್ಷದಿಂದ ಆ ತಗಡನ್ನು
ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕಾಯಿಸಿದ್ದೇನೆ.
ಒಬ್ಬರ ಬೆರಳೂ ಸುಟ್ಟಿಲ್ಲ.

ತಗಡನ್ನು ಹತ್ತು ಪಟ್ಟಿ ಮಾಡಿ ಹಂಚಿದೆವು,
ಪಟ್ಟಿಗೊಂದು ಯಂತ್ರ.
ತನ್ನ ಪಾಲು ತಾನೇ ಲೆಕ್ಕ ಹಾಕಬೇಕು,
ಅಂಚಿಗೆ ಬಂದಾಗ ಪಕ್ಕದವರನ್ನು ಕೇಳಬೇಕು,
ನಿಮ್ಮ ಕಡೆ ಎಷ್ಟು ಬಿಸಿ, ಎಂದು.
ಹಿತ್ತಿಲ ಗೋಡೆಯಾಚೆ ಹೆಪ್ಪು ಕೇಳಿದ ಹಾಗೆ.

ಒಂಟಿಯಾಗಿ ಒಂದೇ ಯಂತ್ರ
ನಲವತ್ತು ನಿಮಿಷಕ್ಕೆ ಮುಗಿಸಿದ ಲೆಕ್ಕ
ಹತ್ತೂ ಸೇರಿದ ಮೇಲೆ ಒಂದು ಗಂಟೆ ಹತ್ತು ನಿಮಿಷ.
ಹಿಂದಿನ ಬೆಂಚು ನಕ್ಕಿತು. ನಾನೂ ನಕ್ಕೆ,
ನಮ್ಮ ಸ್ಟಾಫ್ ಮೀಟಿಂಗ್ ನೆನಪಾಗಿ.

ನಗದವಳು ಮಹಜಬೀನ್.
‘ಸಾರ್, ಇವು ಹೆಜ್ಜೆಹೆಜ್ಜೆಗೂ ಮಾತಾಡ್ತವೆ.
ಒಂದೊಂದು ಚಮಚ ಹೆಪ್ಪಿಗೆ ಒಂದೊಂದು ಸಲ ಎದ್ದು ಹೋಗೋದ್ಯಾಕೆ?
ಪಕ್ಕದವರ ಹತ್ರ ಮೂರು ಸಾಲು ಜಾಸ್ತಿ ಇಸ್ಕೊಂಡು ಬಂದ್ರೆ
ಮೂರು ಹೆಜ್ಜೆ ಬಾಯಿ ಮುಚ್ಕೊಂಡು ನಡೀಬೌದಲ್ಲ?’

ಈ ಉಪಾಯಕ್ಕೆ ದಪ್ಪ ಪುಸ್ತಕಗಳಲ್ಲಿ ಹೆಸರುಂಟು.
ನಾನು ಹೇಳಲಿಲ್ಲ.
ಒಂದು ವಾರವಾದರೂ ಅದು ಅವಳದ್ದೇ ಆಗಿರಲಿ.

ಮೂರು ಸಾಲು. ಆಮೇಲೆ ಐದು.
ಒಂಬತ್ತು ನಿಮಿಷ!
ಆಸೆ ಹೆಚ್ಚಿತು, ತಗಡು ದೊಡ್ಡದಾಯಿತು,
ರಾತ್ರಿಯಿಡೀ ಓಡುವಷ್ಟು.
ಬೀಗದ ಗೊಂಚಲು ಹಿಡಿದು ಕಾದಿದ್ದ ಅಟೆಂಡರ್ ಆವುಲಪ್ಪ
ಹತ್ತು ಫ್ಯಾನು ಒಟ್ಟಿಗೆ ತಿರುಗುವ ಸದ್ದಿಗೆ ಕಿವಿಗೊಟ್ಟು
‘ನಾಲ್ಕನೇ ಜ್ವರ ಎದ್ದವೆ ಹುಳು’ ಎಂದ.
‘ಇನ್ನು ರಾತ್ರಿಯೆಲ್ಲ ಸೊಪ್ಪು ಹಾಕ್ತಾನೇ ಇರ್ಬೇಕು.’

ಎರಡೂ ಮುಕ್ಕಾಲಿಗೆ ಕರೆಂಟು ಹೋಯಿತಂತೆ.
ಬೆಳಿಗ್ಗೆ ನೋಡಿದರೆ
ಹತ್ತು ಕಪ್ಪು ಮುಖ, ಒಂದಂಕಿಯೂ ಉಳಿದಿಲ್ಲ.

‘ನಡುನಡುವೆ ಗಂಟು ಹಾಕಿರಲಿಲ್ವಾ ಸಾರ್?’
ಮಹಜಬೀನಳ ಅಮ್ಮಿ ಖಮರುನ್ನೀಸಾ
ಫಿಲೇಚರಿನಲ್ಲಿ ನೂಲು ತೆಗೆಯುವವರು.
ಎಂಟು ಗೂಡಿನ ಎಳೆ ಕೂಡಿಸಿ ಒಂದು ನೂಲು.
ಕಡಿದರೆ, ಕಡಿದಲ್ಲಿಂದ ಹಿಡಿಯಬೇಕು,
ಯಾರೂ ಮೊದಲಿಂದ ಶುರು ಮಾಡುವುದಿಲ್ಲ.
ಇಷ್ಟು ಸಣ್ಣ ಮಾತು
ನನಗೆ ಯಾಕೆ ಹೊಳೆಯಲಿಲ್ಲವೋ.
ಅಂದಿನಿಂದ ಅರ್ಧ ಗಂಟೆಗೊಂದು ಗಂಟು,
ಆದಷ್ಟನ್ನು ಡಿಸ್ಕಿಗೆ ಬರೆದು ಮುಂದಕ್ಕೆ.

ಪರೀಕ್ಷೆಯಲ್ಲಿ ಈ ಸಲವೂ ಅದೇ ಬಂತು,
ಉಷ್ಣವಾಹಕತೆಯ ವ್ಯಾಖ್ಯೆ ಬರೆಯಿರಿ.
ಮಹಜಬೀನ್ ಎರಡು ಪುಟ ಬರೆದು
ಐದಕ್ಕೆ ಮೂರು ತಗೊಂಡಳು.

ಒಂದು ಸಂಜೆ ಮಗಳು ತಡವಾದಳೆಂದು
ಖಮರುನ್ನೀಸಾ ಕಾಲೇಜಿಗೇ ಬಂದರು.
ಪರದೆಯ ಮೇಲೆ ತಗಡು ಮುಗಿದು ನಿಂತಿತ್ತು,
ಎಡಕ್ಕೆ ಕೆಂಡ, ಬಲಕ್ಕೆ ನೀಲಿ,
ನಡುವೆ ಮಾವು ಮಾಗುವಾಗಿನ ಬಣ್ಣಗಳೆಲ್ಲ.
ಬಿಸಿನೀರಿಗೆ ಬೆಂದು ಬಿಳಿಚಿದ ಬೆರಳನ್ನು
ಕೆಂಪಿನ ಹತ್ತಿರ ಹಿಡಿದು ನೋಡಿದರು.
‘ಬಿಸಿಯೇ ಇಲ್ಲವಲ್ಲ ಮೇಷ್ಟ್ರೇ.’

ನಾನು ಮಾದರಿ, ಸಮೀಕರಣ ಎಂದು
ತಡವರಿಸುವಷ್ಟರಲ್ಲಿ
ಆಕೆ ಮೇಜಿನ ಹಿಂದಕ್ಕೆ ಹೋಗಿ
ಫ್ಯಾನು ಗಾಳಿ ಉಗುಳುವ ಕಿಂಡಿಗೆ ಅಂಗೈಯೊಡ್ಡಿ
ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

‘ಇಲ್ಲಿದೆ.’